ಕಡಲಾವಿಯ ಜಾತಕ

‘ನದೀಮೂಲ, ಋಷಿಮೂಲ ಹುಡುಕಬಾರದು’ ಎಂಬುದು ನಮ್ಮಲ್ಲಿ ಬಹಳ ಹಿಂದಿನಿಂದ ಬಂದ ಮಾತು. ಋಷಿಗಳ ವಿಚಾರ ಹಾಗಿರಲಿ. ನದಿಯ ಮೂಲವನ್ನು ಅರಸಿ ಹೊರಟವನು ಬೆಟ್ಟದ ಮೇಲಿನ ಕುಂಡಿಕೆಯ ಬಳಿ ನಿಂತುಬಿಡುವಂತಿಲ್ಲ. ಕುಂಡಿಕೆಗೆ ನೀರು ಬಂದದ್ದು ಮಳೆಯಿಂದ. ಮಳೆ ಬಂದದ್ದು ಮೋಡದಿಂದ. ಮೋಡವಾದದ್ದು ಕಡಲಿನಿಂದೆದ್ದ ಆವಿ. ಸೂರ್ಯನು ಕಡಲಿನ ನೀರನ್ನು ಹೀರಿ ಮಳೆಯಾಗಿ ಹಿಂದಿರುಗಿಸುತ್ತಾನೆಂಬುದು ನಮ್ಮ ಪೂರ್ವಿಕರಿಗೂ ತಿಳಿದಿತ್ತು. ಆದರೆ ಒಂದು ಹನಿಯನ್ನು ಎದುರಿಗಿಟ್ಟುಕೊಂಡು, ‘ನೀನು ಕಡಲನ್ನು ಬಿಟ್ಟೆದ್ದ ದಿನ ಅಲ್ಲಿಯ ಗಾಳಿ ಒಣಗಿತ್ತೋ ತೇವವಾಗಿತ್ತೋ? ನೀರು ಬೆಚ್ಚಗಿತ್ತೋ ತಣ್ಣಗಿತ್ತೋ?’ ಎಂದು ಕೇಳಿ ಉತ್ತರ ಪಡೆಯುವ ವಿದ್ಯೆ ಮನುಷ್ಯನಿಗೆ ದೊರೆತದ್ದು ತೀರ ಈಚೆಗೆ. ಹುಟ್ಟಿದ ಗಳಿಗೆಯ ಸ್ಥಿತಿಯನ್ನು ಬರೆದಿಡುವುದಕ್ಕೆ ಜಾತಕವೆನ್ನುತ್ತೇವಷ್ಟೆ. ಕಡಲಾವಿಗೂ ಅಂಥ ಜಾತಕವೊಂದಿದೆ. ಅದನ್ನು ಒಂದು ತಲೆಮಾರಿನವರು ಒಂದು ಬಗೆಯಾಗಿ, ಮುಂದಿನವರು ಇನ್ನೊಂದು ಬಗೆಯಾಗಿ ಓದಿದರು. ಆ ಓದಿನ ಚರಿತ್ರೆಯನ್ನು ಇಲ್ಲಿ ಹೇಳಬೇಕೆಂದಿದ್ದೇನೆ.

ಮೊದಲು ನೀರಿನ ಸ್ವಭಾವವನ್ನು ಸ್ವಲ್ಪ ತಿಳಿಯಬೇಕು. ನೀರಿನ ಒಂದು ಅಣುವಿನಲ್ಲಿ ಜಲಜನಕದ ಎರಡು ಪರಮಾಣುಗಳೂ ಆಮ್ಲಜನಕದ ಒಂದು ಪರಮಾಣುವೂ ಇರುತ್ತವೆಂದು ಶಾಲೆಯ ಹುಡುಗರೂ ಬಲ್ಲರು. ಆದರೆ ಒಂದೇ ಧಾತುವಿನ ಪರಮಾಣುಗಳೆಲ್ಲ ಒಂದೇ ತೂಕದವಲ್ಲ. ರಾಸಾಯನಿಕ ಗುಣದಲ್ಲಿ ಒಂದಾಗಿದ್ದು ತೂಕದಲ್ಲಿ ಬೇರೆಯಾಗಿರುವ ಇಂಥ ಪರಮಾಣುಗಳಿಗೆ ಐಸೊಟೋಪ್ ಎಂದು ಹೆಸರು. ಕನ್ನಡದ ವಿಜ್ಞಾನ ಲೇಖಕರು ‘ಸಮಸ್ಥಾನಿ’ ಎನ್ನುತ್ತಾರೆ. ಆಮ್ಲಜನಕದ ಸಾಮಾನ್ಯ ಪರಮಾಣುವಿನ ತೂಕ 16. ಅದರಲ್ಲಿ 18 ತೂಕದ್ದೂ ಇದೆಯೆಂದು ಅಮೆರಿಕದ ಜಿಯೋಕ್ ಮತ್ತು ಜಾನ್‌ಸ್ಟನ್ ಎಂಬವರು 1929ರಲ್ಲಿ ತೋರಿಸಿಕೊಟ್ಟರು. ಜಲಜನಕದ ತೂಕ 1. ಅದರ 2 ತೂಕದ ಸಮಸ್ಥಾನಿಗೆ ಡ್ಯೂಟೀರಿಯಮ್ ಎಂದು ಹೆಸರು. ಕಡಲಿನ ನೀರಿನ ಹತ್ತು ಲಕ್ಷ ಅಣುಗಳನ್ನು ಎಣಿಸಿದರೆ ಸುಮಾರು 2,000ದಲ್ಲಿ ಭಾರದ ಆಮ್ಲಜನಕವೂ ಸುಮಾರು 310ರಲ್ಲಿ ಡ್ಯೂಟೀರಿಯಮ್ಮೂ ಸಿಕ್ಕುತ್ತವೆ. ಉಳಿದದ್ದು ಬಹುಮಟ್ಟಿಗೆ ಹಗುರವಾದ ಸಾಮಾನ್ಯ ನೀರು. ಸಾಮಾನ್ಯ ಅಣುವಿನ ತೂಕ 18, ಡ್ಯೂಟೀರಿಯಮ್ ಉಳ್ಳದ್ದಕ್ಕೆ 19, ಭಾರದ ಆಮ್ಲಜನಕವುಳ್ಳದ್ದಕ್ಕೆ 20. ಈ ಮೂರು ಅಂಕಿಗಳನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ನೀರು ಆವಿಯಾಗುವಾಗ ಹಗುರವಾದ ಅಣು ಮುಂದಾಗುತ್ತದೆ, ಭಾರವಾದದ್ದು ಹಿಂದುಳಿಯುತ್ತದೆ. ಆವಿಯು ಮತ್ತೆ ಹನಿಗಟ್ಟುವಾಗ ಭಾರವಾದದ್ದೇ ಮೊದಲು ಇಳಿಯುತ್ತದೆ. ಮುಂದಿನ ಕಥೆಯೆಲ್ಲ ನಿಂತಿರುವುದು ಇಷ್ಟರ ಮೇಲೆ.

ಡ್ಯೂಟೀರಿಯಮ್ ಸಿಕ್ಕಿದ್ದೂ ಹೀಗೆ ಹಿಂದುಳಿದ ಶೇಷದಲ್ಲಿಯೇ. 1931ರಲ್ಲಿ ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾಲಯದ ಹೆರಾಲ್ಡ್ ಯೂರಿ ಭಾರದ ಜಲಜನಕವನ್ನು ಹುಡುಕಲು ಹೊರಟರು. ಅವರ ಗೆಳೆಯ ಬ್ರಿಕ್‌ವೆಡ್ ವಾಷಿಂಗ್ಟನ್ನಿನ ಸರ್ಕಾರಿ ಪ್ರಯೋಗಾಲಯದಲ್ಲಿ ದ್ರವರೂಪದ ಜಲಜನಕವನ್ನು ಲೀಟರುಗಟ್ಟಲೆ ಆವಿಯಾಗಲು ಬಿಟ್ಟು, ತಳದಲ್ಲಿ ಉಳಿದ ಒಂದಿಷ್ಟನ್ನು ಕಳುಹಿಸಿಕೊಟ್ಟರು. ಆ ಉಳಿಕೆಯ ಬೆಳಕನ್ನು ಪರೀಕ್ಷಿಸಿ, ಯೂರಿ ಮತ್ತು ಅವರ ಸಹಾಯಕ ಮರ್ಫಿ ಹೊಸ ಸಮಸ್ಥಾನಿಯ ಗುರುತನ್ನು ಕಂಡರು. 1934ರಲ್ಲಿ ಯೂರಿಗೆ ನೊಬೆಲ್ ಬಹುಮಾನ ಬಂತು.

ಯುದ್ಧ ಮುಗಿದ ಮೇಲೆ ಯೂರಿ ಷಿಕಾಗೋ ವಿಶ್ವವಿದ್ಯಾಲಯಕ್ಕೆ ಬಂದರು. 1946ರಲ್ಲಿ ಅವರು ಸ್ವಿಟ್ಸರ್ಲೆಂಡಿನ ಜೂರಿಕ್ ನಗರದಲ್ಲಿ ಉಪನ್ಯಾಸ ಮಾಡಿದಾಗ, ಖನಿಜವಿಜ್ಞಾನಿ ಪಾಲ್ ನಿಗ್ಲಿ ಕಡಲ ಚಿಪ್ಪಿನಂಥ ಸುಣ್ಣದ ವಸ್ತುಗಳಲ್ಲಿರುವ ಆಮ್ಲಜನಕದ ಬಗ್ಗೆ ಒಂದು ಮಾತೆತ್ತಿದರು. ಯೂರಿ ಮನೆಗೆ ಬಂದು ಲೆಕ್ಕ ಮಾಡಿ ನೋಡಿದರೆ, ಸಮಸ್ಥಾನಿಗಳ ಹಂಚಿಕೆ ನೀರಿನ ಉಷ್ಣತೆಯನ್ನು ಅವಲಂಬಿಸಿತ್ತು. ಎಂದರೆ, ಎಂದೋ ಸತ್ತ ಚಿಪ್ಪಿನ ಪ್ರಾಣಿಯು ತಾನು ಬದುಕಿದ್ದ ಕಡಲಿನ ಉಷ್ಣತೆಯನ್ನು ಚಿಪ್ಪಿನಲ್ಲಿ ಬರೆದಿಟ್ಟು ಹೋಗಿದೆ! ಆದರೆ ಆ ಬರಹವನ್ನು ಓದಬೇಕಾದರೆ ನೀರಿನದೇ ಲೆಕ್ಕ ಮೊದಲು ಗೊತ್ತಿರಬೇಕು. ಹೀಗಾಗಿ ಷಿಕಾಗೋದ ಸ್ಯಾಮ್ಯುಯೆಲ್ ಎಪ್‌ಸ್ಟೈನ್ ಮತ್ತು ತೊಷಿಕೋ ಮಯೇದ ಎಂಬಿಬ್ಬರು ಕಡಲು, ಹೊಳೆ, ಹಿಮಗಳ ನೀರನ್ನು ಅಳೆದು 1953ರಲ್ಲಿ ಪ್ರಕಟಿಸಿದರು. ಈ ಮಯೇದ ಅಮೆರಿಕದಲ್ಲಿ ಹುಟ್ಟಿದವರು. ಆದರೂ ಜಪಾನೀ ಮೂಲದವರೆಂಬ ಒಂದೇ ಕಾರಣಕ್ಕೆ ಯುದ್ಧಕಾಲದಲ್ಲಿ ಶಿಬಿರದಲ್ಲಿ ಕೂಡಿಹಾಕಲ್ಪಟ್ಟವರಲ್ಲಿ ಒಬ್ಬರು. ಯೂರಿಯ ಪ್ರಯೋಗಶಾಲೆಗೆ ಅವರು ಸೇರಿದ್ದು ಗಾಜಿನ ಪಾತ್ರೆ ತೊಳೆಯುವ ಕೆಲಸಕ್ಕೆ. ಅಲ್ಲಿಂದ ಈ ಶಾಸ್ತ್ರದ ತಳಹದಿಯ ಲೇಖನವೊಂದರಲ್ಲಿ ಹೆಸರು ಮೂಡುವವರೆಗಿನ ಅವರ ನಡೆಯನ್ನು ನಾನು ಈ ಚರಿತ್ರೆಯ ದೊಡ್ಡ ಸಂಗತಿಗಳಲ್ಲಿ ಸೇರಿಸುತ್ತೇನೆ.

ಅದೇ ಹೊತ್ತಿಗೆ ಡೆನ್ಮಾರ್ಕಿನಲ್ಲಿ ಇನ್ನೊಬ್ಬರು ಮಳೆಯ ಕಡೆ ಕಣ್ಣು ಹಾಯಿಸಿದ್ದರು. ವಿಲಿ ಡಾನ್ಸ್‌ಗಾರ್ ಕೋಪನ್‌ಹೇಗನ್ ವಿಶ್ವವಿದ್ಯಾಲಯದಲ್ಲಿ ಪರಮಾಣುಗಳನ್ನು ತೂಕಕ್ಕೆ ತಕ್ಕಂತೆ ಬೇರ್ಪಡಿಸುವ ಯಂತ್ರವನ್ನು ನೋಡಿಕೊಳ್ಳುತ್ತಿದ್ದ ತರುಣ. 1952ರ ಜೂನ್ ತಿಂಗಳ ಒಂದು ಶನಿವಾರ ಮಳೆ ಹಿಡಿಯಿತು. ಅವರು ಮನೆಯ ಮುಂದಿನ ಹುಲ್ಲಿನ ಮೇಲೆ ಖಾಲಿ ಬಿಯರ್ ಸೀಸೆಯೊಂದನ್ನು ನಿಲ್ಲಿಸಿ, ಬಾಯಿಗೆ ಆಲಿಕೆ ಇಟ್ಟರು. ಮಳೆ ಮುಂದುವರಿದಂತೆ ಹೊತ್ತುಹೊತ್ತಿಗೆ ನೀರನ್ನು ಬೇರೆ ಬೇರೆ ತೆಗೆದಿಟ್ಟು, ಯಂತ್ರದಲ್ಲಿ ಅಳೆದರು. ಒಂದೇ ಮಳೆಯ ಮೊದಲ ನೀರಿಗೂ ಕೊನೆಯ ನೀರಿಗೂ ವ್ಯತ್ಯಾಸವಿತ್ತು. ಎತ್ತರದ ತಣ್ಣನೆಯ ಮೋಡದಿಂದ ಬಂದದ್ದು ಹಗುರ, ತಗ್ಗಿನ ಬೆಚ್ಚನೆಯ ಮೋಡದಿಂದ ಬಂದದ್ದು ಭಾರ. ಬೇರೆ ಬೇರೆ ದೇಶಗಳ ನೀರನ್ನು ತರಿಸಿ ನೋಡಿದಾಗಲೂ ಚಳಿ ಹೆಚ್ಚಿದಷ್ಟೂ ನೀರು ಹಗುರವಾಗಿರುವುದು ಕಂಡಿತು.

ಇದಕ್ಕೆ ಕಾರಣ ಸುಲಭವಾಗಿಯೇ ತಿಳಿಯುತ್ತದೆ. ಕಡಲಿನಿಂದ ಹೊರಟ ಆವಿ ತಂಪಿನ ಕಡೆಗೆ ಸಾಗಿದಂತೆ ದಾರಿಯಲ್ಲಿ ಮಳೆ ಸುರಿಸುತ್ತ ಹೋಗುತ್ತದೆ. ಸುರಿದಾಗಲೆಲ್ಲ ಭಾರದ ಅಣುಗಳು ಹೆಚ್ಚಾಗಿ ಇಳಿದುಬಿಡುತ್ತವೆ. ಮಿಶ್ರ ದ್ರವಗಳ ಬಟ್ಟಿ ಇಳಿಸುವಿಕೆಯ ಬಗ್ಗೆ ಇಂಗ್ಲೆಂಡಿನ ಲಾರ್ಡ್ ರ್‍ಯಾಲೆ 1902ರಲ್ಲಿಯೇ ಬರೆದಿದ್ದ ಗಣಿತ ಇಲ್ಲಿಗೂ ಸಲ್ಲುತ್ತದೆ. ಧ್ರುವಪ್ರದೇಶವನ್ನು ಮುಟ್ಟುವ ಹೊತ್ತಿಗೆ ಉಳಿದ ಆವಿ ತೀರ ಹಗುರ. ಹಾಗಾದರೆ ಧ್ರುವದ ಹಳೆಯ ಹಿಮವನ್ನು ಅಳೆದರೆ ಹಳೆಯ ಕಾಲದ ಚಳಿಯನ್ನು ಅಳೆದಂತಾಯಿತಲ್ಲ ಎಂಬ ಸೂಚನೆಯನ್ನು ಡಾನ್ಸ್‌ಗಾರ್ 1954ರಲ್ಲಿ ಮುಂದಿಟ್ಟರು. 1966ರಲ್ಲಿ ಅಮೆರಿಕದ ಸೈನ್ಯದವರು ಗ್ರೀನ್‌ಲೆಂಡಿನ ಕ್ಯಾಂಪ್ ಸೆಂಚುರಿಯಲ್ಲಿ ಸುಮಾರು 1,390 ಮೀಟರ್ ಆಳದವರೆಗೆ ಹಿಮವನ್ನು ಕೊರೆದು ಕಂಬದಂತೆ ಹೊರತೆಗೆದರು. ಅದನ್ನು ಅಳೆದು ಡಾನ್ಸ್‌ಗಾರ್ ತಂಡದವರು ಸುಮಾರು ಒಂದು ಲಕ್ಷ ವರ್ಷಗಳ ಹವೆಯ ಇತಿಹಾಸವನ್ನು 1969ರಲ್ಲಿ ಲೋಕದ ಮುಂದಿಟ್ಟರು.

ಇಷ್ಟಾದರೂ ತಿಳಿದದ್ದು ಹಿಮ ಬಿದ್ದ ಜಾಗದ ಚಳಿ. ಆವಿ ಹುಟ್ಟಿದ ಜಾಗದ ಸುದ್ದಿ ಎಲ್ಲಿ? ಅದು ಬೇರೊಂದು ಕಡೆ, ಒಂದು ಸಣ್ಣ ಅಂಕಿಯಲ್ಲಿ ಅಡಗಿತ್ತು. ಯೂರಿಯ ಶಿಷ್ಯರಾಗಿದ್ದು ಮುಂದೆ ಕ್ಯಾಲಿಫೋರ್ನಿಯದ ಸ್ಕ್ರಿಪ್ಸ್ ಸಾಗರವಿಜ್ಞಾನ ಸಂಸ್ಥೆಗೆ ಹೋದ ಹಾರ್ಮನ್ ಕ್ರೇಗ್, ಲೋಕದ ಹಲವು ಕಡೆಯ ಸುಮಾರು 400 ನೀರುಗಳಲ್ಲಿ ಎರಡೂ ಸಮಸ್ಥಾನಿಗಳನ್ನು ಅಳೆದು 1961ರಲ್ಲಿ ಪ್ರಕಟಿಸಿದರು. ಕಡಲ ನೀರಿಗೆ ಹೋಲಿಸಿ ಸಾವಿರಕ್ಕೆ ಎಷ್ಟು ಹೆಚ್ಚು ಕಡಿಮೆ ಎಂದು ಲೆಕ್ಕ ಹಾಕಿ ನಕ್ಷೆಯಲ್ಲಿ ಗುರುತಿಸಿದರೆ, ಮಳೆ, ಹಿಮ, ಹೊಳೆಗಳ ನೀರೆಲ್ಲ ಬಹುಮಟ್ಟಿಗೆ ಒಂದೇ ನೇರ ಗೆರೆಯ ಮೇಲೆ ಕೂತಿತು. ಭಾರದ ಆಮ್ಲಜನಕದ ಅಂಕಿಯನ್ನು ಎಂಟರಿಂದ ಗುಣಿಸಿ ಹತ್ತನ್ನು ಕೂಡಿಸಿದರೆ ಡ್ಯೂಟೀರಿಯಮ್ಮಿನ ಅಂಕಿ! ಎಂಟು ಏಕೆಂಬುದು ಗೊತ್ತಿತ್ತು. ನೀರಿಗೂ ಆವಿಗೂ ಸಮತೋಲವಿರುವಾಗ, 25 ಡಿಗ್ರಿ ಉಷ್ಣತೆಯಲ್ಲಿ ಆವಿಯಲ್ಲಿ ಭಾರದ ಆಮ್ಲಜನಕ ಸಾವಿರಕ್ಕೆ ಸುಮಾರು 9ರಷ್ಟು ಕಡಿಮೆ. ಡ್ಯೂಟೀರಿಯಮ್ 70ಕ್ಕಿಂತ ಹೆಚ್ಚು ಕಡಿಮೆ. ಒಂದಕ್ಕೆ ಇನ್ನೊಂದು ಹತ್ತಿರ ಹತ್ತಿರ ಎಂಟು ಪಟ್ಟು. ಆದರೆ ಆ ಹತ್ತು? ಕಡಲಿಗೆ ಸೊನ್ನೆಯೆಂದು ಇಟ್ಟುಕೊಂಡು ಲೆಕ್ಕ ಶುರುಮಾಡಿದ ಮೇಲೆ ಗೆರೆಯೂ ಸೊನ್ನೆಯಿಂದಲೇ ಹೊರಡಬೇಕಿತ್ತು. ಎಲ್ಲಿಯೋ ಹತ್ತು ಹೆಚ್ಚು ಬಂದು ಕೂತಿದೆ. ಜಮಾಖರ್ಚಿನಲ್ಲಿ ಹತ್ತು ರೂಪಾಯಿ ತಾಳೆಯಾಗದಿದ್ದರೆ ನಿದ್ದೆ ಮಾಡದ ಗುಮಾಸ್ತರ ಬುದ್ಧಿ ಈ ವಿಜ್ಞಾನಿಗಳದು.

ಆ ಹತ್ತು ಬಂದದ್ದು ಆವಿಯ ಹುಟ್ಟಿನ ಗಳಿಗೆಯಲ್ಲಿ. ಕಡಲಿನ ಮೈಗೆ ಅಂಟಿದಂತೆ ಅತಿ ತೆಳುವಾದ ಗಾಳಿಯ ಪದರವೊಂದಿದೆ. ಅಲ್ಲಿ ಬೀಸಾಟವಿಲ್ಲ, ಅಣುಗಳು ಒಂದೊಂದಾಗಿ ನುಸುಳಿಕೊಂಡು ಮೇಲೆ ಹೋಗಬೇಕು. ಮೇಲಿನ ಗಾಳಿ ತೇವದಿಂದ ತುಂಬಿದ್ದರೆ ಹೋಗುವ ಅಣುಗಳಷ್ಟೇ ಮರಳುವ ಅಣುಗಳೂ ಇರುತ್ತವೆ. ಸಮತೋಲದ ಎಂಟರ ನಿಯಮ ನಡೆಯುತ್ತದೆ. ಗಾಳಿ ಒಣಗಿದ್ದರೆ ಹೋಗುವುವೇ ಹೆಚ್ಚು, ಮರಳುವುವು ಕಡಿಮೆ. ಆಗ ನುಸುಳುವ ಚುರುಕಿಗೆ ಬೆಲೆ ಬರುತ್ತದೆ. 19 ತೂಕದ ಅಣು 20 ತೂಕದ್ದಕ್ಕಿಂತ ತುಸು ಚುರುಕು. ಆದ್ದರಿಂದ ಒಣಗಾಳಿಯಲ್ಲಿ ಹುಟ್ಟಿದ ಆವಿಯಲ್ಲಿ ಡ್ಯೂಟೀರಿಯಮ್ ಲೆಕ್ಕಕ್ಕಿಂತ ಹೆಚ್ಚು. ಮಂಗಳೂರಿನ ಆಟಿ ತಿಂಗಳಲ್ಲಿ ಹಿಂಡಿ ಹಾಕಿದ ಬಟ್ಟೆಯೂ ಬಳ್ಳಾರಿಯ ಬೇಸಗೆಯಲ್ಲಿ ಹಿಂಡಿ ಹಾಕಿದ ಬಟ್ಟೆಯೂ ಒಣಗುವ ರೀತಿಯನ್ನು ನೆನೆದರೆ ಈ ಭೇದ ಅರ್ಥವಾಗುತ್ತದೆ. ಸ್ವಾರಸ್ಯವೆಂದರೆ, ಮುಂದೆ ದಾರಿಯಲ್ಲಿ ಎಷ್ಟು ಮಳೆ ಸುರಿದರೂ ಎರಡೂ ಸಮಸ್ಥಾನಿಗಳು ಸರಿಸುಮಾರು ಒಂದಕ್ಕೆ ಎಂಟರಂತೆ ಕಳೆಯುವುದರಿಂದ, ಈ ಹೆಚ್ಚುವರಿ ಅಂಶ ಹೆಚ್ಚು ಬದಲಾಗದೆ ಉಳಿಯುತ್ತದೆ. ಡಾನ್ಸ್‌ಗಾರ್ 1964ರಲ್ಲಿ ಇದಕ್ಕೆ ‘ಡ್ಯೂಟೀರಿಯಮ್ ಆಧಿಕ್ಯ’ ಎಂಬ ಅರ್ಥದ ಹೆಸರಿಟ್ಟರು. 1965ರಲ್ಲಿ ಇಟಲಿಯ ಸ್ಪೊಲೆಟೋದಲ್ಲಿ ನಡೆದ ಸಭೆಯಲ್ಲಿ ಕ್ರೇಗ್ ಮತ್ತು ಗಾರ್ಡನ್ ಕಡಲಿನಿಂದ ಆವಿ ಏಳುವ ಬಗೆಯನ್ನು ಗಣಿತದಲ್ಲಿ ಕಟ್ಟಿ ತೋರಿಸಿದರು. ಇಂದಿಗೂ ಈ ಶಾಸ್ತ್ರದವರು ಅವರ ಸೂತ್ರದಿಂದಲೇ ಆರಂಭಿಸುತ್ತಾರೆ. 1970ರಲ್ಲಿ ಇಸ್ರೇಲಿನ ಗಾಟ್ ಮತ್ತು ಕಾರ್ಮಿ ಇದಕ್ಕೊಂದು ಜೀವಂತ ನಿದರ್ಶನ ಕೊಟ್ಟರು. ಚಳಿಗಾಲದಲ್ಲಿ ಭೂಖಂಡದ ಒಣಗಾಳಿಯು ಬೆಚ್ಚನೆಯ ಮೆಡಿಟರೇನಿಯನ್ ಕಡಲಿನ ಮೇಲೆ ಬೀಸುವುದರಿಂದ, ಅದರ ಪೂರ್ವ ತೀರದ ಮಳೆಯಲ್ಲಿ ಆಧಿಕ್ಯ ಹತ್ತಲ್ಲ, ಇಪ್ಪತ್ತನ್ನೂ ಮೀರುತ್ತದೆ.

ಜಾತಕದ ಲಿಪಿ ಸಿಕ್ಕಿತು. ಆದರೆ ಅದನ್ನು ಬರೆದವರು ಯಾರು? ಗಾಳಿಯ ತೇವವೇ, ನೀರಿನ ಬಿಸಿಯೇ, ಬೀಸುವ ವೇಗವೇ? 1979ರಲ್ಲಿ ಫ್ರಾನ್ಸಿನ ಲಿಲಿಯಾನ್ ಮೆರ್ಲಿವಾ ಮತ್ತು ಝಾನ್ ಝೂಝೆಲ್ ಮೂರನ್ನೂ ಒಂದೇ ಲೆಕ್ಕದಲ್ಲಿ ಸೇರಿಸಿದರು. ಒಣಗಾಳಿ ಆಧಿಕ್ಯವನ್ನು ಹೆಚ್ಚಿಸುತ್ತದೆ, ಬೆಚ್ಚನೆಯ ನೀರೂ ಹೆಚ್ಚಿಸುತ್ತದೆ. ಗಾಳಿ ಜೋರಾಗಿ ಬೀಸಿ ಕಡಲಿನ ಮೈ ಒರಟಾದರೆ ಆ ಆಧಿಕ್ಯ ತಗ್ಗುತ್ತದೆ. ಕಡಲುಗಳ ಮೇಲಿನ ಸಾಪೇಕ್ಷ ಆರ್ದ್ರತೆ ಸರಾಸರಿ ಶೇಕಡ 80ರ ಹತ್ತಿರ ಇದ್ದರೆ ಕ್ರೇಗರ ಹತ್ತು ತಾಳೆಯಾಗುತ್ತದೆಂದು ಅವರು ತೋರಿಸಿದರು. 1982ರಲ್ಲಿ ಇವರಿಬ್ಬರೂ ಕ್ಲೋದ್ ಲೋರಿಯಸ್ ಅವರೊಡನೆ ಅಂಟಾರ್ಕ್‌ಟಿಕದ ಡೋಮ್ ಸಿ ಎಂಬಲ್ಲಿಯ ಹಿಮವನ್ನು ಪರೀಕ್ಷಿಸಿದರು. ಕಳೆದ ಹಿಮಯುಗದ ಹಿಮದಲ್ಲಿ ಆಧಿಕ್ಯ ಇಂದಿಗಿಂತ ಕಡಿಮೆಯಿತ್ತು. ಅಂದಿನ ಕಡಲ ಗಾಳಿ ಇಂದಿಗಿಂತ ಹೆಚ್ಚು ತೇವವಾಗಿತ್ತೆಂದು ಅವರು ಓದಿದರು. ಎಲ್ಲಿಯ ಕಡಲು, ಎಲ್ಲಿಯ ಹಿಮ! ಸಾವಿರಾರು ಮೈಲಿ ದೂರದ, ಸಾವಿರಾರು ವರ್ಷಗಳ ಹಿಂದಿನ ಗಾಳಿಯ ತೇವವನ್ನು ಮಂಜುಗಡ್ಡೆಯ ಒಂದು ಚೂರಿನಿಂದ ಹೇಳಿದ್ದು ಸಾಮಾನ್ಯ ಸಾಹಸವಲ್ಲ.

ಆದರೆ ಮುಂದಿನ ವರ್ಷಗಳಲ್ಲಿ ಓದುವ ರೀತಿ ಬದಲಾಯಿತು. 1989ರಲ್ಲಿ ಡಾನ್ಸ್‌ಗಾರ್, ವೈಟ್, ಜಾನ್ಸೆನ್ ಎಂಬ ಮೂವರು ದಕ್ಷಿಣ ಗ್ರೀನ್‌ಲೆಂಡಿನ ಹಿಮದಿಂದ ಒಂದು ಬೆಚ್ಚಿಬೀಳಿಸುವ ಸುದ್ದಿ ತಂದರು. ಇಂದಿಗೆ ಸುಮಾರು 11,700 ವರ್ಷಗಳ ಹಿಂದೆ, ಹಿಮಯುಗದ ಕೊನೆಯ ಚಳಿಗಾಲಖಂಡ ಮುಗಿದಾಗ, ಆಧಿಕ್ಯವು ಇಪ್ಪತ್ತು ವರ್ಷದೊಳಗೆ ಕುಸಿದಿತ್ತು. ಅಲ್ಲಿಯ ಉಷ್ಣತೆ ಐವತ್ತೇ ವರ್ಷದಲ್ಲಿ ಸುಮಾರು 7 ಡಿಗ್ರಿ ಏರಿತ್ತು. ಕಡಲಿನ ಮೇಲಿನ ಹಿಮದ ಹೊದಿಕೆ ಬೇಗ ಸರಿದು, ಹೊಸದಾಗಿ ತೆರೆದ ತಣ್ಣನೆಯ ನೀರಿನಿಂದ ಆವಿ ಏಳತೊಡಗಿತೆಂದು ಅವರು ಅರ್ಥಮಾಡಿದರು. ಇಲ್ಲಿ ಆಧಿಕ್ಯವೆಂದರೆ ಕಡಲಿನ ಉಷ್ಣತೆ. 1999ರಲ್ಲಿ ಫ್ರೆಂಚ್ ತಂಡವೊಂದು ಅಂಟಾರ್ಕ್‌ಟಿಕದ ವಾಸ್ತೋಕ್ ಹಿಮದಲ್ಲಿ 1,50,000 ವರ್ಷಗಳ ಆಧಿಕ್ಯವನ್ನು ಅಳೆದು ದಕ್ಷಿಣದ ಕಡಲುಗಳ ಸ್ಥಿತಿಗತಿಯನ್ನು ಚಿತ್ರಿಸಿದಾಗಲೂ ಒತ್ತು ಬಿದ್ದದ್ದು ಉಷ್ಣತೆಯ ಮೇಲೆಯೇ. ತೇವವೆಂದು ಓದಿದ್ದ ಅಕ್ಷರವನ್ನು ಈಗ ಬಿಸಿಯೆಂದು ಓದಿದಂತಾಯಿತು. ಇದು ಪಂಡಿತರ ಪಾಠಾಂತರದ ಜಗಳವೆಂದು ನಾವು ನಕ್ಕು ಸುಮ್ಮನಾಗುವಂತಿಲ್ಲ. ಹವೆ ಎಷ್ಟು ವರ್ಷದಲ್ಲಿ ಎಷ್ಟು ಕೆಡಬಲ್ಲದೆಂಬುದಕ್ಕೆ ನಮಗಿರುವ ಸಾಕ್ಷ್ಯದಲ್ಲಿ ಇದೂ ಒಂದು. ಮುಂದಿನ ನೂರು ವರ್ಷದ ಮಳೆಯನ್ನು ಗಣಿಸುವ ಲೆಕ್ಕಗಳು ಹಿಂದಿನ ಕಾಲವನ್ನು ಸರಿಯಾಗಿ ಹೇಳುತ್ತವೆಯೇ ಎಂದು ಒರೆಹಚ್ಚುವುದೂ ಇಂಥ ಬರಹಗಳ ಮೇಲೆ. ಒರೆಗಲ್ಲೇ ಸಂದೇಹಕ್ಕೆ ಎಡೆಯಾದರೆ ಚಿನ್ನದ ಗತಿಯೇನು?

ಈ ವಿವಾದದಲ್ಲಿ ಮುಖ್ಯ ಸಾಕ್ಷಿ ಕಡಲಿನ ಮೇಲಿನ ಆವಿ. ಅದರ ಹೇಳಿಕೆ ಮಾತ್ರ ಬಹುಕಾಲ ಅಪರೂಪವಾಗಿತ್ತು. ಮಳೆಯನ್ನು ಹಿಡಿಯುವುದು ಸುಲಭ. ಸೀಸೆಯೂ ಆಲಿಕೆಯೂ ಸಾಕು. ವಿಯೆನ್ನದ ಅಂತರರಾಷ್ಟ್ರೀಯ ಪರಮಾಣುಶಕ್ತಿ ಸಂಸ್ಥೆಯೂ ಜಾಗತಿಕ ಹವಾಮಾನ ಸಂಸ್ಥೆಯೂ ಕೂಡಿ 1961ರಿಂದ ಲೋಕದ ಹಲವು ಕೇಂದ್ರಗಳಲ್ಲಿ ಮಳೆನೀರನ್ನು ಸಂಗ್ರಹಿಸತೊಡಗಿದವು. ನಮ್ಮ ದೆಹಲಿ, ಮುಂಬಯಿಗಳೂ ಆ ಪಟ್ಟಿಗೆ ಸೇರಿದವು. ಆದರೆ ಆವಿಯನ್ನು ಹಿಡಿಯಬೇಕಾದರೆ, ಓಲಾಡುವ ಹಡಗಿನಲ್ಲಿ ಗಾಳಿಯನ್ನು ಗಂಟೆಗಟ್ಟಲೆ ಗಾಜಿನ ನಳಿಗೆಯೊಳಗೆ ಹಾಯಿಸಿ, ನಳಿಗೆಯನ್ನು ಅತಿಶೀತದಲ್ಲಿಟ್ಟು ಆವಿಯನ್ನು ಹೆಪ್ಪುಗಟ್ಟಿಸಿ, ಸಿಕ್ಕ ಕೆಲವು ಹನಿಗಳನ್ನು ಜೋಪಾನವಾಗಿ ದಡಕ್ಕೆ ತರಬೇಕು. ಸ್ವಲ್ಪ ಆವಿ ತಪ್ಪಿಸಿಕೊಂಡರೂ ಲೆಕ್ಕ ಕೆಟ್ಟಿತು. ಹೀಗೆ ಕಷ್ಟಪಟ್ಟು ದಕ್ಷಿಣ ಸಾಗರದ ಆವಿಯನ್ನು ಹಿಡಿದು ಅಳೆದ ಜಪಾನಿನ ರ್‍ಯು ಉಎಮುರ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಫಲಿತಾಂಶ ಸ್ಪಷ್ಟವಾಗಿತ್ತು. ಗಾಳಿ ಒಣಗಿದಷ್ಟೂ ಆಧಿಕ್ಯ ಹೆಚ್ಚು, ನೀರು ಬೆಚ್ಚಗಾದಷ್ಟೂ ಹೆಚ್ಚು.

ಅಷ್ಟರಲ್ಲಿ ಲೇಸರ್ ಬೆಳಕಿನಿಂದ ಗಾಳಿಯಲ್ಲಿರುವ ಆವಿಯನ್ನು ನೇರವಾಗಿ, ಕ್ಷಣಕ್ಷಣಕ್ಕೂ ಅಳೆಯುವ ಉಪಕರಣಗಳು ಬಂದವು. ಹನಿ ಹನಿ ಕೂಡಿಸುವ ಕಷ್ಟ ತಪ್ಪಿತು. 2014ರಲ್ಲಿ ಫಾಲ್ ಮತ್ತು ಸೋಡಮನ್ ಎಂಬವರು ಅದುವರೆಗಿನ ಅಳತೆಗಳನ್ನು ಕೂಡಿಸಿ ನೋಡಿ, ಇಂದಿನ ಹವೆಯಲ್ಲಿ ಆಧಿಕ್ಯವನ್ನು ನಡೆಸುವುದು ಮುಖ್ಯವಾಗಿ ಕಡಲ ಗಾಳಿಯ ತೇವ. ಅದನ್ನು ಕಡಲಿನ ಉಷ್ಣತೆಯೆಂದು ಓದುವ ರೂಢಿಯನ್ನು ಮತ್ತೆ ವಿಚಾರಿಸಬೇಕು ಎಂದರು. ಇದು ಮೂವತ್ತೆರಡು ವರ್ಷಗಳ ಹಿಂದಿನ ಓದಿನ ಕಡೆಗೇ ಮರಳಿದಂತಾಯಿತು. 2015ರಿಂದ 2017ರವರೆಗೆ ಜರ್ಮನರ ಸಂಶೋಧನ ಹಡಗು ‘ಪೊಲಾರ್‌ಷ್ಟರ್ನ್’ ಉತ್ತರ ಧ್ರುವದ ಕಡಲಿನಿಂದ ಅಂಟಾರ್ಕ್‌ಟಿಕದವರೆಗೆ ಓಡಾಡುತ್ತ ಎಡೆಬಿಡದೆ ಆವಿಯನ್ನು ಅಳೆಯಿತು. ಬಾನ್ ಎಂಬವರೂ ಅವರ ಸಹೋದ್ಯೋಗಿಗಳೂ 2019ರಲ್ಲಿ ಅದರ ತೀರ್ಪನ್ನು ಹೊರತಂದರು. ಆಧಿಕ್ಯವನ್ನು ನಿರ್ಧರಿಸುವುದು ತೇವ ಮತ್ತು ಕಡಲಿನ ಉಷ್ಣತೆ, ಎರಡೇ. 1979ರಿಂದ ಎಲ್ಲ ಲೆಕ್ಕಗಳಲ್ಲಿಯೂ ಸೇರಿಕೊಂಡು ಬಂದಿದ್ದ ಗಾಳಿಯ ವೇಗದ ಪಾತ್ರ ಆ ಅಳತೆಗಳಲ್ಲಿ ಕಾಣಲಿಲ್ಲ. ನಲವತ್ತು ವರ್ಷ ಪಾಠವಾಗಿ ನಿಂತಿದ್ದ ಒಂದು ಮಾತು ಹೀಗೆ ಪ್ರತ್ಯಕ್ಷದ ಎದುರು ಅಲುಗಾಡಿತು. ಸಿದ್ಧಾಂತ ಕಟ್ಟಿದವರಿಗೆ ಇದರಿಂದ ಅಗೌರವವೇನೂ ಇಲ್ಲ. ಯಾವುದನ್ನು ಅಳೆಯಬೇಕೆಂದು ತೋರಿಸಿಕೊಟ್ಟವರು ಅವರೇ.

ಈ ಚರಿತ್ರೆಗೆ ನಮ್ಮ ದೇಶದ ಪಾಲೂ ಇದೆ. ಅಹಮದಾಬಾದಿನ ಭೌತ ಸಂಶೋಧನಾಲಯದ ಆರ್. ರಮೇಶ್ ಮತ್ತು ಅವರ ತಂಡದವರು ಮುಂಗಾರಿನಲ್ಲಿ ಬಂಗಾಳಕೊಲ್ಲಿಯ ಮೇಲಿನ ಆವಿಯನ್ನು ಅಳೆದು 2013ರಲ್ಲಿ ಪ್ರಕಟಿಸಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ನಗರದಲ್ಲಿ ಬಿದ್ದ ಮಳೆಯ ಸಮಸ್ಥಾನಿಗಳಿಂದ, ಅರಬ್ಬೀ ಸಮುದ್ರದ ಆವಿ ಕಡಲಿನ ಮೇಲೂ ಪಶ್ಚಿಮಘಟ್ಟದ ಮೇಲೂ ಸುರಿದು ಹೇಗೆ ಹಗುರವಾಗಿ ಇಲ್ಲಿಗೆ ಮುಟ್ಟುತ್ತದೆಂಬುದನ್ನು ತರ್ಕಿಸಿದ್ದಾರೆ. ನಲ್ಲಿಯಲ್ಲಿ ನೀರು ಬಂತೇ ಎಂದು ಬೆಳಗಾಗೆದ್ದು ನೋಡುವ ನಗರವಾಸಿಗಳಾದ ನಮಗೆ ಈ ಪ್ರಶ್ನೆ ದೂರದ್ದಲ್ಲ. ಮುಂಗಾರು ಎಲ್ಲಿಯ ಕಡಲಿನಿಂದ, ಎಂಥ ಹವೆಯಲ್ಲಿ ಹೊರಡುತ್ತದೆಂಬುದರ ಮೇಲೆ ನಮ್ಮ ಕೆರೆ, ಅಣೆಕಟ್ಟುಗಳ ಭವಿಷ್ಯ ನಿಂತಿದೆ.

ಪೊಲಾರ್‌ಷ್ಟರ್ನ್ ಹಡಗಿನ ಅಳತೆಗಳಲ್ಲಿ ಇನ್ನೊಂದು ಸಂಗತಿಯೂ ಇತ್ತು. ಹೆಪ್ಪುಗಟ್ಟಿದ ಕಡಲಿನ ಮೇಲೆ ಸಿಗುವ ಆವಿಯ ಗುಣವನ್ನು ನಿರ್ಧರಿಸುವುದರಲ್ಲಿ ಆ ಮಂಜಿನ ಮೇಲೆ ಬಿದ್ದ ಹಿಮದಿಂದ ನೇರವಾಗಿ ಏಳುವ ಆವಿಗೆ ದೊಡ್ಡ ಪಾತ್ರವಿದೆ. ಉತ್ತರ ಧ್ರುವದ ಕಡಲಿನಲ್ಲಿ ಬೇಸಗೆಯ ಮಂಜು ಕುಗ್ಗುತ್ತ ಬಂದಿರುವುದನ್ನು ಎಲ್ಲರೂ ಬಲ್ಲೆವು. ಹೆಪ್ಪಿದ್ದ ಕಡೆ ತೆರೆದ ನೀರು ಬಂದಂತೆ ಅಲ್ಲಿ ಹುಟ್ಟುವ ಆವಿಯ ಜಾತಕವೂ ಬೇರೆಯಾಗುತ್ತದೆ. ಅದು ಗ್ರೀನ್‌ಲೆಂಡಿನ ನೆತ್ತಿಯ ಮೇಲೆ ಈ ವರ್ಷವೂ ಹಿಮವಾಗಿ ಇಳಿದು, ಹಿಂದಿನ ವರ್ಷದ ಪದರದ ಮೇಲೆ ಕೂತಿರುತ್ತದೆ. 11,700 ವರ್ಷಗಳ ಹಿಂದಿನ ಪದರದಲ್ಲಿ ಕಡಲಿನ ಮಂಜು ಸರಿದ ಸುದ್ದಿಯನ್ನು ಡಾನ್ಸ್‌ಗಾರ್ ಓದಿದರು. ನಮ್ಮ ಕಾಲದ ಪದರವನ್ನು ಮುಂದೆ ಕೊರೆದು ತೆಗೆಯುವವರು ಅದನ್ನು ಓದುವಾಗ, ತೇವವೆಷ್ಟು, ಬಿಸಿಯೆಷ್ಟು ಎಂದು ನಮಗಿಂತ ನಿಖರವಾಗಿ ವಿಂಗಡಿಸಬಲ್ಲರು. ಅದಕ್ಕೆ ಬೇಕಾದ ಅಳತೆಗಳು ಈಗ ಹಡಗುಗಳ ಮೇಲೆ ದಿನದಿನವೂ ಸೇರುತ್ತಿವೆ.